ಹಿಡಿಕೆ ಮರೆತ ಕಪಾಟು

ಒಂಟಿಯಾಗಿರುವ ಮನುಷ್ಯ ಏನೇನು ಮಾಡಬಲ್ಲ, ಏನೇನು ಮಾಡಲಾರ ಎಂಬುದನ್ನು ನಾನು ಆರು ವರ್ಷದಿಂದ ಒಂದೊಂದಾಗಿ ಪರೀಕ್ಷೆ ಮಾಡಿ ನೋಡಿದ್ದೇನೆ. ರೊಟ್ಟಿ ಬಡಿಯಬಲ್ಲ, ಅದು ದುಂಡಗಾಗುವುದಿಲ್ಲ, ಆದರೆ ಹೊಟ್ಟೆಗೆ ಹೋದ ಮೇಲೆ ಅದರ ಆಕಾರ ಕೇಳುವವರು ಯಾರೂ ಇಲ್ಲ. ಬೆನ್ನು ತುರಿಸಿದರೆ ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳಬಲ್ಲ. ತನ್ನ ಜೊತೆ ತಾನೇ ಜಗಳ ತೆಗೆದು ಗೆಲ್ಲಲೂ ಬಲ್ಲ. ಆದರೆ ಒಂದು ದಾರದ ಎರಡೂ ತುದಿ ಹಿಡಿದುಕೊಂಡು, ತಾನೇ ನಡುವೆಯೂ ನಿಂತು, ಅದನ್ನು ಎತ್ತಿ ಬಿಟ್ಟು ಮರದ ಮೇಲೆ ಗೆರೆ ಮೂಡಿಸುವುದು ಮಾತ್ರ ಅವನಿಂದ ಆಗುವುದಿಲ್ಲ. ದೇವರು ಮನುಷ್ಯರಿಗೆಲ್ಲ ಎರಡೆರಡು ಕೈ ಕೊಟ್ಟದ್ದು ಸರಿಯೇ, ಬಡಿಗನಿಗಾದರೂ ಮೂರನೆಯದೊಂದನ್ನು ಕೊಡಬಹುದಿತ್ತು ಎಂದು ನನಗೆ ಬಹಳ ಸಲ ಅನಿಸಿದೆ.

ನಾನು ಪುರ್ತಗೇರಿಯ ಬಡಿಗ, ಹೆಸರು ಕಾಳಪ್ಪ. ಬಾಗಿಲ ಚೌಕಟ್ಟಿನ ಮೇಲೆ ಮನೆಯ ಯಜಮಾನರ ಹೆಸರು ಕೆತ್ತುವುದಕ್ಕೆಂದು ಕಲಿತ ನಾಲ್ಕು ಅಕ್ಷರ ಈಗ ಹೀಗೆ ಕಾಗದ ಕೆಡಿಸುವುದಕ್ಕೆ ಉಪಯೋಗವಾಗುತ್ತಿದೆ. ಹೆಂಡತಿ ರಾಚವ್ವ ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳನ್ನು ಮೆಣಸಗಿಗೆ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಮಲಪ್ರಭೆ ಅವರ ಊರ ಸುತ್ತ ಬಂದು ಕೂತರೆ, ಇತ್ತ ನಮ್ಮ ಎರೆಮಣ್ಣಿನ ದಾರಿ ಕಾಲು ಹಿಡಿದುಕೊಂಡು ಬಿಡದೆ ಹೋದರೆ, ಎರಡು ತಿಂಗಳು ಅವಳ ಸುದ್ದಿಯೇ ಇರುವುದಿಲ್ಲ. ಹಾಗಾಗಿ ಈ ಕಥೆ ನಡೆದಾಗ ನನ್ನ ಮನೆಯಲ್ಲಿ ಮಾತಾಡುತ್ತಿದ್ದ ವಸ್ತುಗಳೆಂದರೆ ನಾನು, ಮಳೆ ಬಂದಾಗ ಸೋರುವ ಮಾಳಿಗೆ, ಮತ್ತು ಗೋಡೆಗೆ ನೇತುಹಾಕಿದ ಒಂದು ದೊಡ್ಡ ಗರಗಸ. ಗಾಳಿ ಬಂದರೆ ಆ ಗರಗಸ ಗೋಡೆಗೆ ಬಡಿದು ಟಂಯ್ ಅನ್ನುತ್ತಿತ್ತು. ನಾನು “ಹೌದಪಾ” ಅನ್ನುತ್ತಿದ್ದೆ. ಬೇರೇನು ಅನ್ನಲಿ?

ಈ ಗರಗಸದ ಕಥೆ ಹೇಳದೆ ಕಪಾಟಿನ ಕಥೆ ಹೇಳಲು ಬರುವುದಿಲ್ಲ. ಅದು ಇಬ್ಬರು ಎಳೆಯುವ ಗರಗಸ. ದಿಮ್ಮಿಯನ್ನು ಕವೆಗಂಬಗಳ ಮೇಲೆ ಏರಿಸಿ, ಒಬ್ಬ ದಿಮ್ಮಿಯ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು, ಮೇಲೆ ಕೆಳಗೆ ಎಳೆಯುತ್ತ ಉದ್ದಕ್ಕೂ ಹಲಗೆ ಕೊಯ್ಯಬೇಕು. ಅಲಗು ನನ್ನದು, ನಮ್ಮಪ್ಪ ಬಿಟ್ಟುಹೋದದ್ದು. ಅದರ ಎರಡೂ ತುದಿಗೆ ಸಿಕ್ಕಿಸುವ ಅಡ್ಡಹಿಡಿಕೆಗಳನ್ನು ಜಾಲಿಯ ಮರದಲ್ಲಿ ಮಾಡಿದವನು ಗಜೇಂದ್ರಗಡದ ಮೌಲಾಸಾಬ. ಇಪ್ಪತ್ತು ವರ್ಷ ನಾವಿಬ್ಬರೂ ಆ ಗರಗಸದ ಎರಡು ತುದಿಯಲ್ಲಿದ್ದೆವು. ರೋಣದಲ್ಲಿ, ನರಗುಂದದಲ್ಲಿ, ಗಜೇಂದ್ರಗಡದ ಪೇಟೆಯಲ್ಲಿ ನಾವು ಹಲಗೆ ಕೊಯ್ಯದ ದೊಡ್ಡ ಮನೆಯೇ ಕಡಿಮೆ. ಮೇಲೆ ನಿಲ್ಲುವವನಿಗೆ ಬಿಸಿಲು, ಗಾಳಿ, ದಾರಿಯಲ್ಲಿ ಹೋಗುವವರ ನಮಸ್ಕಾರ. ಕೆಳಗೆ ನಿಲ್ಲುವವನಿಗೆ ತಲೆಯ ಮೇಲೆ ಸುರಿಯುವ ಮರದ ಹೊಟ್ಟು. ಇಪ್ಪತ್ತು ವರ್ಷವೂ ಮೇಲೆ ನಿಂತವನು ಯಾರೆಂದು ಹೇಳಬೇಕೇ? ಗೆರೆ ಹಿಡಿದು ಹೋಗುವುದು ಮೇಲಿನವನ ಕೆಲಸ, ಅದಕ್ಕೆ ಕಣ್ಣು ಬೇಕು, ಆ ಕಣ್ಣು ನನಗೇ ಇದೆ ಎಂದು ನಾನೇ ಮೊದಲ ದಿನ ತೀರ್ಮಾನ ಮಾಡಿದ್ದೆ. ಮೌಲಾಸಾಬ ತಲೆಗೆ ವಸ್ತ್ರ ಸುತ್ತಿಕೊಂಡು ಕೆಳಗೆ ಇಳಿದಿದ್ದ. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ.

ಎತ್ತಿದ್ದು ಹೋದ ಯುಗಾದಿಯ ನಂತರ. ಗಜೇಂದ್ರಗಡದ ಒಬ್ಬ ಶೆಟ್ಟರ ಮನೆಯ ಅಟ್ಟಕ್ಕೆ ಬೇವಿನ ದಿಮ್ಮಿ ಕೊಯ್ಯುವುದಿತ್ತು. ದಿಮ್ಮಿಯನ್ನು ನಮ್ಮ ಮನೆಯ ಮುಂದೆಯೇ ಏರಿಸಿದ್ದೆವು. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ಮೌಲಾಸಾಬ ಒಂದು ತುದಿಯಲ್ಲಿ ಹಿಡಿದ, ನಾನು ಇನ್ನೊಂದು ತುದಿಯನ್ನು ಒತ್ತಿಕೊಂಡು ದಾರ ಎತ್ತಿ ಬಿಟ್ಟೆ. ಕೆಂಪು ಗೆರೆ ಬಿತ್ತು, ಉಳಿದ ಗೆರೆಗಳನ್ನೂ ಅದರ ಅಳತೆಯಲ್ಲೇ ಎಳೆದೆ. ಆಗ ಮೌಲಾಸಾಬ ಕಣ್ಣು ಒರೆಸಿಕೊಳ್ಳುತ್ತ, “ಕಾಳಪ್ಪ, ನಾಕ ದಿನ ಆತು, ಕಣ್ಣ ಭಾಳ ಉರಿಯಾಕತ್ತಾವು. ಇವತ್ತೊಂದ ದಿನ ನಾ ಮ್ಯಾಲ ನಿಲ್ತೇನಿ” ಅಂದ. ನನಗೆ ಯಾರೋ ನನ್ನ ಮುಂಡಾಸು ಕೇಳಿದಂತಾಯಿತು. ಆದರೂ ಒಪ್ಪಿ ಕೆಳಗೆ ಇಳಿದೆ. ಅರ್ಧ ತಾಸಿನಲ್ಲಿ ನಾನು ಬಡಿಗನೋ ಹಿಟ್ಟು ಬೀಸುವವನೋ ಗುರುತು ಸಿಗದಂತಾದೆ. ಸಂಜೆಗೆ ಶೆಟ್ಟರು ಬಂದು ನೋಡಿದರೆ ಹಲಗೆಗಳೆಲ್ಲ ಬಾಗಿ ತೊಟ್ಟಿಲಿಗೆಂದೇ ಹೇಳಿ ಮಾಡಿಸಿದಂತಿದ್ದವು. ಅವರು ಹುಬ್ಬೇರಿಸಿದ್ದೇ ತಡ, ನಾನು ನಾಲ್ಕು ಜನ ಕೇಳುವಂತೆ ಅಂದುಬಿಟ್ಟೆ: “ಕೆಳಗ ನಿಲ್ಲಾಂವನ್ನ ಮ್ಯಾಲ ನಿಲ್ಲಿಸಿದ್ರ ಹಿಂಗ ಆಗತೈತ್ರಿ, ಶೆಟ್ರ.”

ಮೌಲಾಸಾಬ ದಿಮ್ಮಿಯಿಂದ ಇಳಿದು, ಗರಗಸದ ಎರಡೂ ತುದಿಯ ಬೆಣೆಗಳನ್ನು ಬಡಿದು ಸಡಿಲಿಸಿ, ತಾನು ಮಾಡಿದ ಹಿಡಿಕೆಗಳನ್ನು ತಾನೇ ಕಳಚಿಕೊಂಡ. ಅಲಗನ್ನು ಗೋಡೆಗೆ ಒರಗಿಸಿ ಇಟ್ಟ, ಬಿಸಾಡಲಿಲ್ಲ. ಹಿಡಿಕೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗಜೇಂದ್ರಗಡದ ದಾರಿ ಹಿಡಿದ. ಶೆಟ್ಟರು ಹಲಗೆ ಬೇಡವೆಂದರು. ಬಾಗಿದ ಹಲಗೆಗಳು ಹಿತ್ತಲಿನಲ್ಲಿ ಬಿದ್ದವು, ಹಿಡಿಕೆಯಿಲ್ಲದ ಅಲಗು ಗೋಡೆ ಏರಿತು, ನಾನು ಒಳಗೆ ಹೋಗಿ ರೊಟ್ಟಿ ಬಡಿದೆ. ಅಂದಿನಿಂದ ನನಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಕುಂಟೆ, ಕೂರಿಗೆ ದುರಸ್ತಿ ಮಾಡಿಕೊಂಡು ಇದ್ದೆ. ಹಲಗೆ ಕೊಯ್ಯಿ ಎಂದು ಬಂದವರಿಗೆ ಸೊಂಟನೋವು ಎಂದು ಹೇಳುತ್ತಿದ್ದೆ. ಸುಳ್ಳು ಹೇಳಿ ಹೇಳಿ ಕೊನೆಗೆ ನಿಜವಾಗಿಯೂ ಸೊಂಟ ನೋಯತೊಡಗಿತು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಗೋಡೆಯ ಮಾಡದಲ್ಲಿ ಇಟ್ಟ ಉಳಿಗಳಿಗೆಲ್ಲ ತುಕ್ಕು ಬಂತು. ಆಗ ನನಗೆ ಹತ್ಯಾರಗಳಿಗೆಲ್ಲ ಒಂದು ಕಪಾಟು ಮಾಡಬೇಕು ಎಂದು ಹೊಳೆಯಿತು. ತುಕ್ಕು ನೆಪ. ಖರೆ ಹೇಳಬೇಕೆಂದರೆ ಆ ಅಲಗು ಗೋಡೆಯ ಮೇಲಿಂದ ಹಗಲೆಲ್ಲ ಹಲ್ಲು ಕಿರಿಯುತ್ತ ನನ್ನನ್ನೇ ನೋಡುವುದು ನನಗೆ ತಡೆಯದಾಗಿತ್ತು. ಬಾಗಿಲಿರುವ ಜಾಗದಲ್ಲಿ ಅದನ್ನು ಮಲಗಿಸಿ ಬಾಗಿಲು ಹಾಕಿಬಿಡಬೇಕು ಎಂದುಕೊಂಡೆ. ಬಾಜು ಮನೆಯ ನೀಲವ್ವಕ್ಕ ನಮ್ಮ ಓಣಿಯ ಹಿರಿಯಳು. ಬಾಗಿಲಿಗೆ ಬಂದು ನಿಂತು, “ಏನ್ ಮಾಡಾಕತ್ತಿಯೊ, ತಮ್ಮಾ?” ಎಂದು ಕೇಳಿದಳು. “ಕಪಾಟ, ಅಕ್ಕಾ. ಹತ್ಯಾರ ಇಡಾಕ.” “ಯಾರ ಹತ್ಯಾರ?” “ನನ್ನೂವ.” “ಎಂಟ ಉಳಿ, ಎರಡ ಬಾಚಿಗೆ ಕಪಾಟ ಯಾಕೊ ಬೇಕು? ನೀ ಒಳಗ ಮಲಗಾಂವೇನ?” ಎಂದು ನಕ್ಕು ಹೋದಳು. ಹೋಗುವಾಗ ಒಂದು ಬಟ್ಟಲು ಸಾರು ಇಟ್ಟು ಹೋದಳು. ಅವಳ ಮಾತು ಎಷ್ಟು ಖಾರವೋ ಸಾರೂ ಅಷ್ಟೇ ಖಾರ.

ಹಲಗೆ ಎಲ್ಲಿಂದ ತರಲಿ? ಹೊಸದು ಕೊಯ್ಯಲು ಇನ್ನೊಂದು ತುದಿಗೆ ಜನ ಬೇಕು. ಹಿತ್ತಲಿನಲ್ಲಿ ಬಿದ್ದ ಆ ಬಾಗಿದ ಹಲಗೆಗಳನ್ನೇ ಎತ್ತಿ ತಂದೆ. ಬೇವು, ಹುಳ ಮುಟ್ಟುವುದಿಲ್ಲ. ಬಾಗಿದ್ದನ್ನು ಬಾಚಿಯಿಂದ ಕೆತ್ತಿ, ಉಜ್ಜುಗೊರಡು ಹೊಡೆದು ನೆಟ್ಟಗೆ ಮಾಡಿದರಾಯಿತು. ಆದರೆ ನೆಟ್ಟಗೆ ಮಾಡಲು ಗೆರೆ ಬೇಕು, ಗೆರೆಗೆ ದಾರ ಬೇಕು, ದಾರಕ್ಕೆ ಎರಡು ತುದಿ. ಒಂದು ತುದಿಗೆ ಮೊಳೆ ಹೊಡೆದು ಕಟ್ಟಿದೆ. ಮೊಳೆ ಮನುಷ್ಯನಂತಲ್ಲ. ಮನುಷ್ಯನಿಗೆ “ಒಂದ ಕೂದಲೆಳಿ ಅತ್ತ” ಎಂದರೆ ಸರಿಯುತ್ತಾನೆ. ಮೊಳೆಗೆ ಹೇಳಿದರೆ ಅದು ಸುಮ್ಮನಿರುತ್ತದೆ, ನಾನೇ ಎದ್ದು ಹೋಗಿ ಕಿತ್ತು, ಒಂದು ಕೂದಲೆಳೆ ಸರಿಸಿ ಹೊಡೆದು, ತಿರುಗಿ ಬರುವಷ್ಟರಲ್ಲಿ ಈ ತುದಿ ಎಲ್ಲಿತ್ತು ಎಂಬುದು ಮರೆತಿರುತ್ತದೆ. ಆಗ ಕುಂಪಣಿ ಸರಕಾರದ ಮೋಜಣಿಯವರು ಮಳೆ ಹೊಳವಾದಾಗ ಬಂದು ಕಬ್ಬಿಣದ ಸರಪಳಿ ಹಿಡಿದು ನಮ್ಮೂರ ಹೊಲಗಳನ್ನು ಅಳೆಯುತ್ತಿದ್ದರು. ಸರಪಳಿಗೂ ಇಬ್ಬರು, ಆ ತುದಿಗೊಬ್ಬ ಈ ತುದಿಗೊಬ್ಬ. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಮನೆಯ ಮುಂದೆ ನೀರು ಕುಡಿಯಲು ನಿಂತ ಒಬ್ಬ ಸರಪಳಿಯವನಿಗೆ, “ಒಂದೀಟ ಈ ದಾರ ಹಿಡೀರಿ” ಎಂದೆ. ಅವನು ಗಂಭೀರವಾಗಿ, “ನಾವ್ ಸರಕಾರಿ ಕೆಲಸದಾಗ ಅದೇವ್ರಿ. ಖಾಸಗಿ ದಾರ ಹಿಡಿಯಾಂಗಿಲ್ಲ” ಅಂದ. ನೀರಿನ ತಂಬಿಗೆಯನ್ನು ಮಾತ್ರ ಖಾಸಗಿ ಎಂದು ನೋಡದೆ ಖಾಲಿ ಮಾಡಿದ್ದ.

ಕೊನೆಯ ಹಲಗೆ ಉಳಿದಿತ್ತು. ಎಲ್ಲಕ್ಕಿಂತ ಉದ್ದನೆಯದು, ಗರಗಸ ಮಲಗಿಸುವ ಮೇಲಿನ ಖಾನೆಗೆಂದು ಇಟ್ಟದ್ದು. ಅದನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಉಜ್ಜುಗೊರಡು ಕೈಗೆ ತೆಗೆದುಕೊಂಡೆ. ಹಲಗೆಯ ಅಂಚಿನಲ್ಲಿ ಎಳೆಯಷ್ಟು ಕೆಂಪು ಕಂಡಿತು. ಕೆಮ್ಮಣ್ಣು. ಅಂದು ನಾನು ಹೊಡೆದ ಗೆರೆಯ ಅರ್ಧ ಭಾಗ. ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲಿಯೂ ಕಡಿದಿರಲಿಲ್ಲ. ಹಲಗೆ ಬಾಗಿದಲ್ಲೆಲ್ಲ ಗೆರೆಯೂ ಬಾಗಿತ್ತು. ಗರಗಸ ಗೆರೆಯನ್ನು ಒಂದು ಕೂದಲೂ ಬಿಡದೆ ಹಿಡಿದು ಹೋಗಿತ್ತು, ಗೆರೆಯೇ ಬಿಲ್ಲಾಗಿತ್ತು. ದಾರವನ್ನು ನೇರ ಮೇಲಕ್ಕೆತ್ತಿ ಬಿಡಬೇಕು, ಓರೆಯಾಗಿ ಎತ್ತಿದರೆ ಗೆರೆ ಬಾಗುತ್ತದೆ. ಇದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ. ಅಂದು ದಾರ ಎತ್ತಿದವನು ನಾನು. ಎತ್ತುವಾಗ ದಾರಿಯಲ್ಲಿ ಹೋಗುತ್ತಿದ್ದ ಯಾರದೋ ನಮಸ್ಕಾರಕ್ಕೆ ತಿರುಗಿದ್ದೆ ಎಂಬುದೂ ನೆನಪಾಯಿತು.

ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಸುತ್ತ ನೋಡಿದೆ. ಉಜ್ಜುಗೊರಡಿನ ಎರಡೇ ಎರಡು ಎಳೆತಕ್ಕೆ ಆ ಕೆಂಪು ಹೋಗಿಬಿಡುತ್ತಿತ್ತು. ಸುರುಳಿಯಾಗಿ ಬೀಳುವ ಹೊಪ್ಪಳಿಕೆಯನ್ನು ಒಲೆಗೆ ಹಾಕಿದರೆ ಸಾಕ್ಷಿಯ ಮೇಲೆ ನೀರು ಕಾಯುತ್ತಿತ್ತು. ಗೊರಡನ್ನು ಹಲಗೆಗೆ ತಾಗಿಸಿಯೂ ಇಟ್ಟೆ. ರಾಚವ್ವ ಬದುಕಿದ್ದಾಗ ನಾನು ಗೊರಡು ಹೊಡೆಯುವ ಹೊತ್ತಿನಲ್ಲಿ ಊಟಕ್ಕೆ ಕರೆದು ಕರೆದು ಬೇಸತ್ತು, “ನಿಮಗ ಕಿವಿ ಅದಾವೊ, ಇಲ್ಲಾ ಕೆತ್ತಿ ಹಚ್ಚ್ಯಾರೊ?” ಅನ್ನುತ್ತಿದ್ದಳು. ಅವಳು ಇದ್ದಿದ್ದರೆ ಈಗ ಅವಳ ಮುಂದಾದರೂ ಹೇಳಿಕೊಳ್ಳಬಹುದಿತ್ತು. ತಪ್ಪು ನನ್ನದು ಎಂದು ಗೊತ್ತಾದ ಮೇಲೆ ಅದನ್ನು ಕೇಳುವವರು ಮನೆಯಲ್ಲಿ ಒಬ್ಬರೂ ಇಲ್ಲದಿರುವುದು ಬಹಳ ಕೆಟ್ಟ ಒಂಟಿತನ. ಸರಿಯಾದವನು ಒಬ್ಬನೇ ಹೇಗೋ ಇರಬಲ್ಲ, ತಪ್ಪಿದವನಿಗೆ ಜೊತೆ ಬೇಕು. ಗೊರಡನ್ನು ಕೆಳಗಿಟ್ಟೆ. ಆ ಹಲಗೆಯನ್ನು ಹೊಡೆಯದೆ, ಬಾಗಿದ್ದು ಬಾಗಿದಂತೆಯೇ, ಕೆಂಪು ಅಂಚು ಮುಂದೆ ಕಾಣುವಂತೆ ಮೇಲಿನ ಖಾನೆಗೆ ಕೂರಿಸಿದೆ. ಅಲಗನ್ನು ಇಟ್ಟು ನೋಡಿದೆ. ಮೂರೂವರೆ ಮೊಳದ ಅಲಗು ಈ ಪಕ್ಕದ ಹಲಗೆಯಿಂದ ಆ ಪಕ್ಕದ ಹಲಗೆಗೆ ನೂಲೆಳೆ ಜಾಗ ಬಿಡದೆ ಕೂತಿತು. ನನ್ನ ಅಳತೆಗೆ ನಾನೇ ಶಹಬ್ಬಾಸ್ ಎಂದೆ.

ಬಾಗಿಲು ಎರಡು, ಅವು ತಿರುಗಲು ಬಿಜಾಗರಿ ನಾಲ್ಕು ಬೇಕಿತ್ತು. ಬಿಜಾಗರಿಗೆ ಗಜೇಂದ್ರಗಡದ ಸಂತೆಗೆ ಹೋಗಬೇಕು, ಕಮ್ಮಾರನ ಅಂಗಡಿಯಿಂದ ಮೌಲಾಸಾಬನ ಓಣಿ ಕೂಗಳತೆ. ಮೊದಲ ಸಂತೆಗೆ ಹೋಗಿ ಓಣಿಯ ಬಾಯಿಯವರೆಗೆ ನಡೆದು, ತಿರುಗಿ, ಒಂದು ಬಿಜಾಗರಿ ಕೊಂಡು ಬಂದೆ. ಎರಡನೆಯ ಸಂತೆಗೆ ಓಣಿಯೊಳಗಿನ ಬೇವಿನ ಗಿಡದವರೆಗೆ ಹೋದೆ, ಇನ್ನೊಂದು ಬಿಜಾಗರಿ ತಂದೆ. ಮೂರನೆಯ ಸಲ ಕಮ್ಮಾರ, “ಕಾಳಪ್ಪಣ್ಣಾರ, ಒಮ್ಮಿಗೆ ನಾಕೂ ಒಯ್ದ್ರ ಭಾರ ಆಗತಾವೇನ್ರಿ?” ಎಂದು ಕೇಳಿದ. ಆ ದಿನ ಮೌಲಾಸಾಬನ ಅಂಗಳ ಕಾಣುವಷ್ಟು ಹತ್ತಿರ ಹೋಗಿದ್ದೆ. ಅವನು ನನಗೆ ಬೆನ್ನು ಮಾಡಿ ಕೂತು ಮಂಚದ ಪಟ್ಟಿಗೆ ಗೆರೆ ಹೊಡೆಯುತ್ತಿದ್ದ. ಒಬ್ಬನೇ. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿದ್ದ. ಇನ್ನೊಂದು ತುದಿ ಹಿಡಿಯಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಮೊಳೆಗಿಂತ ಹೆಬ್ಬೆರಳು ಎಷ್ಟೋ ಚಲೋ ಉಪಾಯ, ಇದು ನನಗೇಕೆ ಹೊಳೆಯಲಿಲ್ಲ ಎಂದು ಸಿಟ್ಟೂ ಬಂತು. ಮಾತಾಡಿಸದೆ ಬಂದೆ. ನಾಲ್ಕನೆಯ ಬಿಜಾಗರಿಯೂ ಹಾಗೆಯೇ ಬಂತು. ಇನ್ನು ಕೊಳ್ಳಲು ನೆಪ ಉಳಿಯಲಿಲ್ಲ.

ಖಂಡೆಪೂಜೆ ಹತ್ತಿರ ಬಂತು. ಆ ದಿನ ನಮ್ಮಲ್ಲಿ ಹತ್ಯಾರಗಳನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತೇವೆ. ಪೂಜೆಗೆ ಕೂತ ಹತ್ಯಾರ ಇಡಿಯಾಗಿರಬೇಕು, ಹಿಡಿಕೆಯಿಲ್ಲದ ಬಾಚಿ, ಕಾವಿಲ್ಲದ ಕೊಡಲಿ ಇಡಬಾರದು ಎಂದು ನಮ್ಮಪ್ಪನ ಕಟ್ಟುನಿಟ್ಟು. ಇಪ್ಪತ್ತು ವರ್ಷವೂ ಆ ದಿನ ಮೌಲಾಸಾಬ ಬೆಳಿಗ್ಗೆಯೇ ಬಂದು ಗರಗಸಕ್ಕೆ ಎಣ್ಣೆ ಹಚ್ಚಿ ಎಲ್ಲಕ್ಕಿಂತ ಮುಂದೆ ತಂದಿಡುತ್ತಿದ್ದ, ಹೋಳಿಗೆ ಉಂಡು ಹೋಗುತ್ತಿದ್ದ. ಈ ಸಲ ಗರಗಸ ಬಿಟ್ಟು ಪೂಜೆ ಮಾಡಲೇ? ನಮ್ಮಪ್ಪನ ಅಲಗನ್ನೇ ಹೊರಗಿಟ್ಟು? ಹಿಂದಿನ ದಿನ ಬೆಳಿಗ್ಗೆ ಎದ್ದವನೇ ಅಲಗನ್ನು ಹೆಗಲಿಗೆ ಏರಿಸಿಕೊಂಡು ಹೊರಟೆ. ಮೂರೂವರೆ ಮೊಳದ ಉಕ್ಕು ಒಬ್ಬನ ಹೆಗಲ ಮೇಲೆ ಸುಮ್ಮನಿರುವುದಿಲ್ಲ. ಹೆಜ್ಜೆಗೊಂದು ಸಲ ಬಳುಕಿ ಟಂಯ್ ಟಂಯ್ ಎಂದು ದಾರಿಯುದ್ದಕ್ಕೂ ಡಂಗುರ ಸಾರಿತು. ಹೊಲದಲ್ಲಿದ್ದವರೆಲ್ಲ ಎದ್ದು ನಿಂತು ನೋಡಿದರು.

ಮೌಲಾಸಾಬನಿಗೂ ಶಬ್ದ ಕೇಳಿಸಿರಬೇಕು. ಬಾಗಿಲಲ್ಲೇ ನಿಂತಿದ್ದ. ದಾರಿಯಲ್ಲಿ ನಾನು ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವನ ಮುಖ ನೋಡಿದ ಕೂಡಲೇ ಚೆಲ್ಲಿಹೋದವು. “ಹಿಡಿಕಿ ಬೇಕಾಗಿದ್ದೂ. ನಾಳೆ ಪೂಜಿ ಐತಿ” ಅಂದೆ.

ಅವನು ನನ್ನನ್ನು ನೋಡಿದ, ಅಲಗನ್ನು ನೋಡಿದ. “ಹಿಡಿಕಿ ಅಷ್ಟ ಬೇಕೇನು?”

ಇಲ್ಲಿ ನಾನು ಹೇಳಬೇಕಾದ್ದು ಏನೆಂದು ನಿಮಗೆಲ್ಲ ಗೊತ್ತಿದೆ. ನನಗೂ ಗೊತ್ತಿತ್ತು. “ಹೂಂ, ಅಷ್ಟ” ಅಂದೆ.

ಮೌಲಾಸಾಬ ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಹಳೆಯ ಅರಿವೆಯಲ್ಲಿ ಸುತ್ತಿಟ್ಟ ಹಿಡಿಕೆಗಳನ್ನು ತಂದ. ಎಣ್ಣೆ ಹಚ್ಚಿ ಹಚ್ಚಿ ಜಾಲಿ ಕರ್ರಗೆ ಹೊಳೆಯುತ್ತಿತ್ತು. ಅಷ್ಟು ತಿಂಗಳು ಒಂದು ದಿನವೂ ಅವನ್ನು ಮರೆತಂತಿರಲಿಲ್ಲ. ನಾನು ಕೈ ಚಾಚಿದೆ. ಅವನು ಕೊಡಲಿಲ್ಲ. “ಬೆಣಿ ಬಡಿಯೂದು ನಿನಗ ಬರಾಂಗಿಲ್ಲ. ನಡಿ, ನಾ ಬಂದು ಬಡೀತೇನಿ” ಎಂದು ಹಿಡಿಕೆಗಳನ್ನು ಕಂಕುಳಿಗೆ ಸಿಕ್ಕಿಸಿ, ಅಲಗಿನ ಮುಂದಿನ ತುದಿಯನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಅವನು ಮುಂದೆ, ನಾನು ಹಿಂದೆ. ಪುರ್ತಗೇರಿಯವರೆಗೆ ಇಬ್ಬರ ಹೆಗಲ ಮೇಲೆ ಅಲಗು ಬಾಯಿ ಮುಚ್ಚಿಕೊಂಡು ಬಂತು.

ಮನೆಗೆ ಬಂದು ಅವನು ಬೆಣೆ ಬಡಿದ. ಗರಗಸ ಮತ್ತೆ ಗರಗಸವಾಯಿತು. ನಾನು ಹೆಮ್ಮೆಯಿಂದ ಕಪಾಟಿನ ಬಾಗಿಲು ತೆರೆದು, “ನೋಡು, ಇದರ ಜಾಗಾ ಇದು” ಎಂದು ಎತ್ತಿ ಇಡಲು ಹೋದೆ. ಈ ತುದಿ ಇಟ್ಟರೆ ಆ ತುದಿ ಹೊರಗೆ, ಆ ತುದಿ ಒತ್ತಿದರೆ ಈ ತುದಿ ಹೊರಗೆ. ಮೌಲಾಸಾಬ ನೋಡುವಷ್ಟು ನೋಡಿ ಕೇಳಿದ: “ಹಿಡಿಕಿಲ್ಲದ ಅಳತಿ ತಗೊಂಡಿ ಏನ?” ನೂಲೆಳೆ ಜಾಗ ಬಿಡದ ನನ್ನ ಅಳತೆ! ಒಂದು ಜಗಳದ ಅಳತೆ ಹಿಡಿದು ಇಡೀ ಕಪಾಟು ಕಟ್ಟಿದ್ದೆ. ಅವನು ನಗಲು ಶುರುಮಾಡಿದವನು ತಟ್ಟನೆ ನಿಲ್ಲಿಸಿದ. ಮೇಲಿನ ಖಾನೆಯ ಹಲಗೆಯ ಕೆಂಪು ಅಂಚು ಕಂಡಿತ್ತು. ಬೆರಳನ್ನು ಅದರ ಮೇಲಿಟ್ಟು ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ಎಳೆದ.

“ಗೆರಿ ಓರಿ ಇತ್ತು, ಮೌಲಾ” ಅಂದೆ. “ನಾ ಹೊಡೆದ ಗೆರಿ. ತಪ್ಪ ನಂದು. ಶೆಟ್ರ ಮುಂದ ಅಂದ ಮಾತೂ ತಪ್ಪು.”

“ಗೊತ್ತೈತಿ. ಅವತ್ತ ಮ್ಯಾಲಿಂದ ಮೂರ ಸಲ ಹೇಳಿದ್ನಿ, ಕಾಳಪ್ಪ ಗೆರಿ ನೆಟ್ಟಗಿಲ್ಲ, ಮತ್ತೊಮ್ಮಿ ಹೊಡಿ ಅಂತ. ನೀ ಎಳಿ ಎಳಿ ಅಂದಿ.”

“ಕೆಳಗ ಕಿವ್ಯಾಗೆಲ್ಲ ಹೊಟ್ಟ ತುಂಬಿತ್ತೊ ಮಾರಾಯಾ. ಕೇಳಿಸಲೇ ಇಲ್ಲ.”

ಮೌಲಾಸಾಬ ಹಲಗೆಯಿಂದ ಬೆರಳು ತೆಗೆದ. “ಇಪ್ಪತ್ತ ವರ್ಷ ನನ್ನ ಕಿವ್ಯಾಗೂ ಅದ ಹೊಟ್ಟ ಇತ್ತು” ಅಂದ.

ಕೈಗರಗಸ ತೆಗೆದುಕೊಂಡು ಕಪಾಟಿನ ಒಂದು ಪಕ್ಕಕ್ಕೆ ಅವನು ಗಂಡಿ ಕೊಯ್ದ, ಇನ್ನೊಂದು ಪಕ್ಕಕ್ಕೆ ನಾನು. ಸಂಜೆಯೊಳಗೆ ದೊಡ್ಡ ಗರಗಸ ಅದರ ಜಾಗದಲ್ಲಿ ಮಲಗಿತು, ಎರಡೂ ಹಿಡಿಕೆಗಳು ಕಪಾಟಿನ ಎರಡು ಪಕ್ಕದಿಂದ ಹೊರಗೆ ಚಾಚಿಕೊಂಡವು. ಮರುದಿನ ಪೂಜೆಗೆ ಬಂದ ನೀಲವ್ವಕ್ಕ ಮೊದಲು ಮೌಲಾಸಾಬನನ್ನು ನೋಡಿದಳು, ಆಮೇಲೆ ಕಪಾಟು ನೋಡಿ, “ಏನಪಾ ಇದು, ಕಪಾಟಕ್ಕ ಕಿವಿ ಯಾಕ ಹಚ್ಚೀರಿ?” ಎಂದು ಕೇಳಿದಳು. ಮೌಲಾಸಾಬ ಹೋಳಿಗೆಯಿಂದ ತಲೆಯೆತ್ತದೆ, “ಈ ಮನ್ಯಾಗ ಯಾರಿಗರ ಇರಬೇಕಲ್ಲಬೇ, ಅಕ್ಕಾ” ಅಂದ.

ಈಗ ಮತ್ತೆ ಹಲಗೆ ಕೊಯ್ಯುತ್ತಿದ್ದೇವೆ. ಮೌಲಾಸಾಬ ಮೇಲೆ, ನಾನು ಕೆಳಗೆ. ಕೆಲಸ ಮಾತ್ರ ಮೊದಲಿನಷ್ಟು ಲಗೂ ಸಾಗುವುದಿಲ್ಲ. ಮೇಲಿಂದ ಏನಾದರೂ ದನಿ ಬಂದಂತಾದರೆ ಸಾಕು, ನಾನು ಗರಗಸ ನಿಲ್ಲಿಸಿ, ಕಿವಿಯ ಹೊಟ್ಟು ಜಾಡಿಸಿ, “ಏನಂದಿ, ಮೌಲಾ?” ಎಂದು ಕೇಳುತ್ತೇನೆ. ಬಹಳ ಸಲ ಅವನು ಏನೂ ಅಂದಿರುವುದಿಲ್ಲ, ಬರೀ ಕೆಮ್ಮಿರುತ್ತಾನೆ. ಇರಲಿ. ಆ ಕೆಮ್ಮನ್ನೂ ನಾನು ಪೂರ್ತಿ ಕೇಳಿಸಿಕೊಂಡೇ ಮುಂದೆ ಎಳೆಯುತ್ತೇನೆ.